ಒಳಚರಂಡಿ ನೀರು ನಿಂತು ನಾಲ್ಕು ವರ್ಷವಾದರೂ ಕೆರೆ ಹಸಿರಾಗಿಯೇ ಇದೆ. ತಪ್ಪಿದ್ದೆಲ್ಲಿ?

ಕೆರೆಕಾವಲು:
ನಮ್ಮ ಬಳಗ ನೋಡಿಕೊಳ್ಳುತ್ತಿರುವ ಕೆರೆಯ ವಿಸ್ತಾರ ಸುಮಾರು 30 ಎಕರೆ, ಆಳ ಹೆಚ್ಚೆಂದರೆ ಎರಡೂವರೆ ಮೀಟರ್. ಅದಕ್ಕೆ ಬಂದು ಸೇರುತ್ತಿದ್ದ ಒಳಚರಂಡಿ ನೀರನ್ನು ನಾಲ್ಕು ವರ್ಷಗಳ ಹಿಂದೆ, ಸಾಕಷ್ಟು ಓಡಾಟದ ನಂತರ, ಬೇರೆಡೆಗೆ ತಿರುಗಿಸಲಾಯಿತು. ಅದೇ ವರ್ಷ ಗುತ್ತಿಗೆದಾರರೊಬ್ಬರು ಕೆರೆಯ ತುಂಬ ಬೆಳೆದಿದ್ದ ಜಲಸಸ್ಯಗಳನ್ನು ಯಂತ್ರದಿಂದ ಬುಡಸಮೇತ ಕಿತ್ತು ತೆಗೆದರು ಮತ್ತು ಅವು ಮತ್ತೆ ಚಿಗುರದಿರಲಿ ಎಂದು ಹುಲ್ಲುಗೆಂಡೆ ಹಾಗೂ ಸಾಮಾನ್ಯ ಗೆಂಡೆ ಮೀನಿನ ಮರಿಗಳನ್ನು ಬಿಟ್ಟರು. ಒಂದು ಮಳೆಗಾಲ ಕೆರೆ ಕನ್ನಡಿಯಂತಿತ್ತು. ಈಗ ಅದು ಬಟಾಣಿ ರುಬ್ಬಿ ಕದಡಿದಂತಿದೆ. ಕಪ್ಪು-ಬಿಳುಪು ಬಣ್ಣದ ಸೆಕ್ಕಿ ತಟ್ಟೆಯನ್ನು ಹಗ್ಗ ಕಟ್ಟಿ ಇಳಿಬಿಟ್ಟರೆ 30 ಸೆಂಟಿಮೀಟರ್ ಮುಟ್ಟುವ ಮೊದಲೇ ಕಣ್ಮರೆಯಾಗುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ.

ಕಾರಂಜಿಗಳನ್ನು ಹಾಕಿ, ಪಾಚಿ ತಿನ್ನುವ ಸೂಕ್ಷ್ಮಾಣುಗಳ ಪುಡಿಯನ್ನು ಪ್ರತಿ ತಿಂಗಳು ಎರಚಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಅದೇ ಗುತ್ತಿಗೆದಾರರು ಈಗ ಹೇಳುತ್ತಿದ್ದಾರೆ. ಕೊಳೆ ಬರುವುದು ನಿಂತ ಮೇಲೂ ನೀರು ಏಕೆ ತಿಳಿಯಾಗಲಿಲ್ಲ ಎಂಬುದನ್ನು ತಿಳಿದವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ನೇರನುಡಿ:
ನಿಂತಿದೆ ಎಂದು ನೀವು ನಂಬಿದ್ದೀರಿ, ಅಷ್ಟೆ. ಹಗಲು ಒಣಗಿರುವ ಕಾಲುವೆಯಲ್ಲಿ ರಾತ್ರಿ ಹನ್ನೊಂದರ ನಂತರ ಏನು ಹರಿಯುತ್ತದೆ ಎಂದು ಒಮ್ಮೆ ಹೋಗಿ ನೋಡಿ.

ಕೆರೆಕಾವಲು:
ನೋಡಿದ್ದೇವೆ. ಮೂರು ಋತುಗಳಲ್ಲಿ, ರಾತ್ರಿಯಿಡೀ ಸರದಿಯ ಮೇಲೆ ಕಾದಿದ್ದೇವೆ. ಮಳೆನೀರಿನ ಕಾಲುವೆಯ ಮೂಲಕ ಒಂದಿಷ್ಟು ರಸ್ತೆಯ ಕೊಳೆ ಬರುವುದು ನಿಜ, ಆದರೆ ಮೊದಲಿನ ಹರಿವಿಗೆ ಹೋಲಿಸಿದರೆ ಅದು ಲೆಕ್ಕಕ್ಕಿಲ್ಲ.

ಹೂಳುಮಣ್ಣು:
ಹಾಗಿದ್ದರೆ ಕೊಳೆ ಹೊರಗಿನಿಂದ ಬರುತ್ತಿಲ್ಲ, ಒಳಗಿನಿಂದಲೇ ಬರುತ್ತಿದೆ. ಹತ್ತಾರು ವರ್ಷ ಕೆರೆಗೆ ಬಂದ ರಂಜಕದ (ಫಾಸ್ಫರಸ್) ಬಹುಪಾಲು ನೀರಿನಲ್ಲಿ ಉಳಿಯುವುದಿಲ್ಲ. ಅದು ತಳದ ಹೂಳಿನಲ್ಲಿ ಕಬ್ಬಿಣದ ಕಣಗಳಿಗೆ ಅಂಟಿಕೊಂಡು ಕೂರುತ್ತದೆ. ಹೂಳಿನ ಮೇಲ್ಪದರದಲ್ಲಿ ಆಮ್ಲಜನಕ ಇರುವವರೆಗೆ ಆ ಅಂಟು ಗಟ್ಟಿಯಾಗಿರುತ್ತದೆ. ಆಮ್ಲಜನಕ ಮುಗಿದ ರಾತ್ರಿಗಳಲ್ಲಿ ಕಬ್ಬಿಣ ಕರಗಿ ರಂಜಕವನ್ನು ಬಿಟ್ಟುಕೊಡುತ್ತದೆ. ಇದಲ್ಲದೆ, ಪಾಚಿ ದಟ್ಟವಾಗಿರುವ ಕೆರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ನೀರಿನ ಕ್ಷಾರಗುಣ ಏರಿ ಪಿಎಚ್ 9 ದಾಟಿದರೆ ಆಗಲೂ ಅದೇ ಬಿಡುಗಡೆ ನಡೆಯುತ್ತದೆ. ಅಂದರೆ ಪಾಚಿ ತನ್ನ ಗೊಬ್ಬರವನ್ನು ತಾನೇ ನೆಲದಿಂದ ಎಬ್ಬಿಸಿಕೊಳ್ಳುತ್ತದೆ.

ರಂಜಕದ ಮೇಲೆ ಇಷ್ಟು ಒತ್ತು ಏಕೆ ಎಂದು ಕೇಳುವವರಿಗೆ ಕೆನಡಾದ ಒಂಟಾರಿಯೊದಲ್ಲಿ 1973ರಲ್ಲಿ ನಡೆದ ಪ್ರಯೋಗವನ್ನು ನೆನಪಿಸುತ್ತೇನೆ. 226 ಎಂಬ ಸಂಖ್ಯೆಯಿಂದ ಕರೆಯುವ ಒಂದು ಸರೋವರವನ್ನು ವಿಜ್ಞಾನಿಗಳು ದಪ್ಪ ಪ್ಲಾಸ್ಟಿಕ್ ಪರದೆಯಿಂದ ಎರಡು ಭಾಗ ಮಾಡಿದರು. ಎರಡಕ್ಕೂ ಇಂಗಾಲ ಮತ್ತು ಸಾರಜನಕವನ್ನು ಸುರಿದರು. ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ನೀಲಿಹಸಿರು ಪಾಚಿಯಿಂದ ತುಂಬಿತು, ಇನ್ನೊಂದು ಭಾಗ ಹಾಗೆಯೇ ಉಳಿಯಿತು. ಆಕಾಶದಿಂದ ತೆಗೆದ ಆ ಚಿತ್ರವನ್ನು ನೋಡಿದವರು ಮರೆಯುವುದಿಲ್ಲ.

ನಿಮ್ಮ ಕೆರೆಗೆ ಹತ್ತಿರದ ಉದಾಹರಣೆ ಸ್ವೀಡನ್ನಿನ ಟ್ರುಮ್ಮೆನ್ ಸರೋವರ. ಅದೂ ಆಳವಿಲ್ಲದ್ದು. ಅಲ್ಲಿಗೆ ಬರುತ್ತಿದ್ದ ಕೊಳಚೆಯನ್ನು 1950ರ ದಶಕದ ಕೊನೆಯಲ್ಲಿ ತಿರುಗಿಸಿದರು, ಹತ್ತು ವರ್ಷ ಕಾದರು, ನೀರು ಸುಧಾರಿಸಲಿಲ್ಲ. 1970 ಮತ್ತು 1971ರಲ್ಲಿ ತಳದ ಕಪ್ಪು ಹೂಳನ್ನು ಹೀರಿ ಹೊರತೆಗೆದ ಮೇಲೆಯೇ ಅದು ತಿಳಿಯಾಯಿತು.

ತೂಬಿನಬಳಿ:
ಹೂಳುಮಣ್ಣು ಅವರು ತಮಗೆ ಬೇಕಾದ ಉದಾಹರಣೆಯನ್ನಷ್ಟೇ ಆರಿಸಿಕೊಂಡಿದ್ದಾರೆ. ಅಮೆರಿಕದ ವಾಷಿಂಗ್ಟನ್ ಸರೋವರದಲ್ಲಿ 1963ರಿಂದ 1968ರವರೆಗೆ ಹಂತಹಂತವಾಗಿ ಕೊಳಚೆಯನ್ನು ತಿರುಗಿಸಿದರು. ಒಂದು ಬುಟ್ಟಿ ಹೂಳನ್ನೂ ಎತ್ತದೆ ಕೆಲವೇ ವರ್ಷಗಳಲ್ಲಿ ನೀರು ತಿಳಿಯಾಯಿತು. ಹೂಳೆತ್ತುವುದೇ ಪರಿಹಾರ ಎಂದು ಹೇಳಿ ನೀವು ಇನ್ನೊಬ್ಬ ಗುತ್ತಿಗೆದಾರನಿಗೆ ದಾರಿ ಮಾಡಿಕೊಡುತ್ತಿದ್ದೀರಿ.

ಹೂಳುಮಣ್ಣು:
ವಾಷಿಂಗ್ಟನ್ ಸರೋವರದ ಗರಿಷ್ಠ ಆಳ ಸುಮಾರು 65 ಮೀಟರ್. ಅಲ್ಲಿ ತಳಕ್ಕೆ ಇಳಿದದ್ದು ಮೇಲಿನ ಬೆಳಕಿರುವ ನೀರಿಗೆ ಮರಳುವುದು ಕಷ್ಟ. ಎರಡೂವರೆ ಮೀಟರ್ ಆಳದ ಕೆರೆಯಲ್ಲಿ ಗಾಳಿ ಜೋರಾಗಿ ಬೀಸಿದರೆ ಸಾಕು, ತಳ ಕದಡುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಹೂಳೆತ್ತಿ ಎಂದು ನಾನು ಹೇಳಿಯೂ ಇಲ್ಲ. ಮೊದಲು ಪರೀಕ್ಷಿಸಿ ಎನ್ನುತ್ತೇನೆ. ಎರಡು ಗಾಜಿನ ಜಾಡಿಗಳಲ್ಲಿ ಗೇಣುದ್ದ ಕೆರೆಯ ಹೂಳನ್ನು ಕದಡದಂತೆ ತುಂಬಿ, ಮೇಲೆ ಸೋಸಿದ ನೀರು ಹಾಕಿ. ಒಂದಕ್ಕೆ ಮೀನುತೊಟ್ಟಿಯ ಗಾಳಿಪಂಪನ್ನು ಜೋಡಿಸಿ, ಇನ್ನೊಂದರ ಮುಚ್ಚಳವನ್ನು ಬಿಗಿಯಾಗಿ ಮುಚ್ಚಿ. ಎರಡನ್ನೂ ಕತ್ತಲಲ್ಲಿಟ್ಟು ಮೂರು ವಾರಗಳ ನಂತರ ಫಾಸ್ಫೇಟ್ ಪರೀಕ್ಷೆಯ ಕಿಟ್‌ನಿಂದ ಮೇಲಿನ ನೀರನ್ನು ನೋಡಿ.

ಜೊಂಡುಹಕ್ಕಿ:
ರಂಜಕದ ಮಾತು ಸರಿ, ಆದರೆ ಪ್ರಶ್ನೆಯೊಳಗೇ ಇರುವ ಉತ್ತರವನ್ನು ಇಬ್ಬರೂ ಗಮನಿಸಿಲ್ಲ. ಸಸ್ಯಗಳನ್ನು ಬುಡಸಮೇತ ಕಿತ್ತಿದ್ದಾರೆ, ಮೇಲೆ ಗೆಂಡೆಯನ್ನು ಬಿಟ್ಟಿದ್ದಾರೆ.

ಆಳವಿಲ್ಲದ ಕೆರೆಗೆ ಎರಡು ಬದುಕುಗಳಿವೆ. ಒಂದರಲ್ಲಿ ಮುಳುಗಿ ಬೆಳೆಯುವ ಸಸ್ಯಗಳು ತಳವನ್ನು ಬೇರಿನಿಂದ ಹಿಡಿದಿಡುತ್ತವೆ, ಅಲೆಯ ರಭಸವನ್ನು ತಗ್ಗಿಸುತ್ತವೆ. ಪಾಚಿಯನ್ನು ಸೋಸಿ ತಿನ್ನುವ ನೀರುಚಿಗಟಗಳೆಂಬ ಪುಟ್ಟ ಜೀವಿಗಳಿಗೆ ಹಗಲಿನಲ್ಲಿ ಮೀನಿನ ಕಣ್ಣಿನಿಂದ ಮರೆಯಾಗಿರಲು ಅವುಗಳ ನಡುವೆಯೇ ಜಾಗ. ನೀರು ತಿಳಿಯಾಗಿರುವುದರಿಂದ ಬೆಳಕು ತಳ ಮುಟ್ಟುತ್ತದೆ, ಬೆಳಕು ಮುಟ್ಟುವುದರಿಂದ ಸಸ್ಯ ಬೆಳೆಯುತ್ತದೆ. ಇನ್ನೊಂದರಲ್ಲಿ ಪಾಚಿ ಬೆಳಕನ್ನು ತಡೆಯುತ್ತದೆ, ಬೆಳಕಿಲ್ಲದೆ ಸಸ್ಯ ಮೊಳೆಯುವುದಿಲ್ಲ, ಸಸ್ಯವಿಲ್ಲದೆ ತಳ ಕದಡುತ್ತದೆ, ಕದಡಿದ್ದರಿಂದ ಪಾಚಿಗೆ ಇನ್ನಷ್ಟು ಆಹಾರ ಸಿಗುತ್ತದೆ. ಎರಡೂ ತಮ್ಮನ್ನು ತಾವೇ ಕಾಪಾಡಿಕೊಳ್ಳುತ್ತವೆ. ಒಂದರಿಂದ ಇನ್ನೊಂದಕ್ಕೆ ಬೀಳುವುದು ಸುಲಭ, ಬಂದ ದಾರಿಯಲ್ಲೇ ಹಿಂದಿರುಗಲಾಗದು. ಬೀಳುವಾಗ ಇದ್ದ ರಂಜಕದ ಮಟ್ಟಕ್ಕಿಂತ ಎಷ್ಟೋ ಕೆಳಗೆ ಇಳಿಸಿದರೆ ಮಾತ್ರ ಕೆರೆ ತಾನಾಗಿ ಮರಳುತ್ತದೆ.

ನಿಮ್ಮ ಗುತ್ತಿಗೆದಾರರು ಕೆರೆಯನ್ನು ಎರಡೂ ಕೈಯಿಂದ ಆಚೆಗೆ ತಳ್ಳಿದ್ದಾರೆ. ಹುಲ್ಲುಗೆಂಡೆ ಸಸ್ಯವನ್ನು ತಿಂದು ಅದರ ಪೋಷಕಾಂಶವನ್ನು ನೀರಿಗೇ ವಿಸರ್ಜಿಸುತ್ತದೆ. ಸಾಮಾನ್ಯ ಗೆಂಡೆ ಹುಳು ಹುಡುಕುತ್ತಾ ಹಂದಿಯಂತೆ ತಳವನ್ನು ಕೆದಕುತ್ತದೆ. ಒಳಚರಂಡಿಯನ್ನು ತಿರುಗಿಸಿದ ಕೆಲಸ ಸರಿಯಾದದ್ದೇ. ಅದರ ಫಲ ಸಿಗದಂತೆ ಮಾಡಿದ್ದು ಆಮೇಲಿನ ಅಲಂಕಾರ.

ಮಳೆಬಿಲ್ಲು:
"ಕಳೆ ತೆಗೆಯಿರಿ" ಎಂದು ಅರ್ಜಿ ಕೊಟ್ಟವರಲ್ಲಿ ನಾನೂ ಒಬ್ಬಳು, ಬೇರೆ ಕೆರೆಯ ವಿಷಯದಲ್ಲಿ. ಈಗ ಓದಿ ಕೈ ಹಿಸುಕಿಕೊಳ್ಳುತ್ತಿದ್ದೇನೆ.

ನೇರನುಡಿ:
ಜೊಂಡುಹಕ್ಕಿ ಅವರೇ, ಎಲ್ಲ ಸಸ್ಯವನ್ನೂ ಪೂಜಿಸಲು ಹೊರಡಬೇಡಿ. ಅಂತರಗಂಗೆ ಮುಚ್ಚಿದ ಕೆರೆಯ ಕೆಳಗೆ ಬೆಳಕೂ ಇಲ್ಲ, ಆಮ್ಲಜನಕವೂ ಇಲ್ಲ. ಅದನ್ನೂ ಬಿಡಬೇಕೇ?

ಜೊಂಡುಹಕ್ಕಿ:
ಬಿಡಬೇಕೆಂದು ಹೇಳಿಲ್ಲ. ತೇಲುವ ಸಸ್ಯ ಬೇರೆ, ಮುಳುಗಿ ಬೆಳೆಯುವ ಸಸ್ಯ ಬೇರೆ. ಯಂತ್ರ ಎರಡನ್ನೂ ಒಂದೇ ಹಲ್ಲಿನಿಂದ ಬಾಚುತ್ತದೆ ಎಂಬುದೇ ನನ್ನ ತಕರಾರು. ಅಂತರಗಂಗೆಯಂಥ ಹೊರಗಿನ ಗಿಡಕ್ಕೆ ಯಂತ್ರವೊಂದೇ ದಾರಿಯೂ ಅಲ್ಲ. ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿ 1990ರ ದಶಕದಲ್ಲಿ ಅದು ದೋಣಿಗಳನ್ನೇ ಕಟ್ಟಿಹಾಕಿದಾಗ, ಅದರ ತವರಾದ ದಕ್ಷಿಣ ಅಮೆರಿಕದ ಸಣ್ಣ ಮೂತಿಹುಳುವನ್ನು ಪರೀಕ್ಷಿಸಿ ತಂದು ಬಿಟ್ಟರು. ದಶಕದ ಕೊನೆಯ ಹೊತ್ತಿಗೆ ಗಿಡ ಬಹಳ ಮಟ್ಟಿಗೆ ಕುಗ್ಗಿತು. ನಂತರ ಅದು ಮತ್ತೆ ಮತ್ತೆ ತಲೆಯೆತ್ತಿದೆ, ಏಕೆಂದರೆ ಸರೋವರಕ್ಕೆ ಬರುವ ಪೋಷಕಾಂಶ ನಿಂತಿಲ್ಲ.

ದೋಣಿಗಾರ:
ಅದೇ ವಿಕ್ಟೋರಿಯಾದಲ್ಲಿ ಇನ್ನೊಂದು ಪ್ರಾಣಿಯನ್ನೂ ತಂದು ಬಿಟ್ಟಿದ್ದರಲ್ಲ, ಅದನ್ನೂ ಹೇಳಿ. 1950-60ರ ದಶಕಗಳಲ್ಲಿ ನೈಲ್ ಪರ್ಚ್ ಎಂಬ ದೊಡ್ಡ ಬೇಟೆಮೀನನ್ನು ಬಿಟ್ಟರು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ನೂರಾರು ಬಗೆಯ ಸಿಕ್ಲಿಡ್ ಮೀನುಗಳಲ್ಲಿ ಅನೇಕವು ಕೆಲವೇ ದಶಕಗಳಲ್ಲಿ ಕಾಣದಾದವು. ಪಾಚಿ ಮೇಯುತ್ತಿದ್ದ ಜಾತಿಗಳೂ ಅದರಲ್ಲಿದ್ದವು. ಹೊರಗಿನ ಮೀನನ್ನು ಬಿಡುವ ಪ್ರತಿಯೊಬ್ಬರೂ ಒಳ್ಳೆಯ ಉದ್ದೇಶದಿಂದಲೇ ಬಿಟ್ಟಿರುತ್ತಾರೆ.

ಲೆಕ್ಕಾಚಾರ:
ಮೇಲಿನ ಮಾತಿಗೆ ಒಂದು ತಿದ್ದುಪಡಿ: ಸಿಕ್ಲಿಡ್‌ಗಳ ನಾಶಕ್ಕೆ ನೈಲ್ ಪರ್ಚ್ ಒಂದೇ ಕಾರಣವಲ್ಲ. ಅದೇ ಅವಧಿಯಲ್ಲಿ ಸುತ್ತಲಿನ ಭೂಮಿಯಿಂದ ಮಣ್ಣು ಮತ್ತು ಪೋಷಕಾಂಶ ಹರಿದು ಬಂದು ನೀರು ಕದಡಿತು. ಬಣ್ಣ ನೋಡಿ ಜೋಡಿ ಆರಿಸುವ ಆ ಮೀನುಗಳಿಗೆ ಕದಡಿದ ನೀರಿನಲ್ಲಿ ತಮ್ಮ ಜಾತಿಯವರ ಗುರುತೇ ಸಿಗದೆ ಹತ್ತಿರದ ಜಾತಿಗಳು ಬೆರೆತುಹೋದವು.

ಅಳಿವೆ:
ಇಷ್ಟು ಹೊತ್ತು ಕೆರೆಯ ಏರಿಯೊಳಗೇ ಮಾತಾಡುತ್ತಿದ್ದೀರಿ. ಕೋಡಿ ಹರಿದಾಗ ಆ ಹಸಿರು ನೀರು ಎಲ್ಲಿಗೆ ಹೋಗುತ್ತದೆ ಎಂದು ಯಾರಾದರೂ ಕೇಳಬೇಡವೇ? ನಾನು ಕೆಲಸ ಮಾಡುವುದು ನದಿ ಕಡಲನ್ನು ಸೇರುವ ಕಡೆ. ಮೇಲಿನವರು "ಬೇರೆಡೆಗೆ ತಿರುಗಿಸಲಾಯಿತು" ಎಂದು ಬರೆಯುವ ನೀರು ಕೊನೆಗೆ ತಲಪುವುದು ನಮ್ಮಲ್ಲಿಗೆ. ಕೆರೆಕಾವಲು ಅವರೇ, ನಿಮ್ಮ ಒಳಚರಂಡಿ ನೀರು ಶುದ್ಧೀಕರಣ ಘಟಕಕ್ಕೆ ಹೋಯಿತೇ ಅಥವಾ ಕೆರೆಯ ಕೆಳಗಿನ ಹಳ್ಳಕ್ಕೆ ಹೋಯಿತೇ?

ಮೆಕ್ಸಿಕೊ ಕೊಲ್ಲಿಯಲ್ಲಿ ಪ್ರತಿ ಬೇಸಿಗೆ ಮಿಸಿಸಿಪ್ಪಿ ನದಿ ತಂದು ಸುರಿಯುವ ಗೊಬ್ಬರದಿಂದ ಪಾಚಿ ಉಕ್ಕಿ, ಸತ್ತು, ತಳದಲ್ಲಿ ಕೊಳೆತು ಆಮ್ಲಜನಕವನ್ನು ಹೀರಿಬಿಡುತ್ತದೆ. 2017ರಲ್ಲಿ ಆ ನಿರ್ಜೀವ ವಲಯ 22,000 ಚದರ ಕಿಲೋಮೀಟರ್ ಮೀರಿತ್ತು. ಅದನ್ನು 5,000 ಚದರ ಕಿಲೋಮೀಟರ್‌ಗೆ ಇಳಿಸಬೇಕೆಂಬ ಗುರಿಯ ಗಡುವು ಈಗ 2035ಕ್ಕೆ ಸರಿದಿದೆ. ಅದಕ್ಕೆ ಕಾರಣವಾದ ಹೊಲಗಳು ಕಡಲಿನಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿವೆ. ಅಲ್ಲಿನ ರೈತ ಆ ಕೊಲ್ಲಿಯ ಸಿಗಡಿಯನ್ನು ಕಂಡೂ ಇರುವುದಿಲ್ಲ. ನದಿಗೆ ಒಂದು ಇಲಾಖೆ, ಕರಾವಳಿಗೆ ಇನ್ನೊಂದು, ಮೀನಿಗೆ ಮತ್ತೊಂದು ಎಂದು ಹಂಚಿಕೊಂಡಿರುವವರೆಗೆ ಈ ಗಡುವು ಮತ್ತೆ ಸರಿಯುತ್ತದೆ ಎಂದೇ ನನ್ನ ಅನಿಸಿಕೆ.

ಕೆರೆಕಾವಲು:
ನಿಮ್ಮ ಪ್ರಶ್ನೆಗೆ ಉತ್ತರಿಸಲು ನನಗೆ ಮುಜುಗರವಾಗುತ್ತಿದೆ. ಕೊಳವೆಯ ಕೊನೆಯ ಭಾಗ ಇನ್ನೂ ಘಟಕವನ್ನು ಮುಟ್ಟಿಲ್ಲ. ಕೆಳಗಿನ ಹಳ್ಳಕ್ಕೇ ಹೋಗುತ್ತಿದೆ.

ಅಳಿವೆ:
ನಾನು ಊಹಿಸಿದ್ದೇ ಆಯಿತು. ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಧನ್ಯವಾದಗಳು.

ತೂಬಿನಬಳಿ:
ಅಳಿವೆಯವರು ತುಸು ಹೆಚ್ಚೇ ನಿರಾಶರಾಗಿದ್ದಾರೆ. ಕಪ್ಪು ಸಮುದ್ರದ ವಾಯವ್ಯ ಭಾಗವನ್ನು ನೋಡಿ. ಡ್ಯಾನ್ಯೂಬ್ ನದಿ ತರುತ್ತಿದ್ದ ಗೊಬ್ಬರದಿಂದ 1970-80ರ ದಶಕಗಳಲ್ಲಿ ಅಲ್ಲಿನ ತಳದ ಜೀವಿಗಳು ರಾಶಿಗಟ್ಟಲೆ ಸತ್ತವು. 1989ರ ನಂತರ ಪೂರ್ವ ಯುರೋಪಿನ ಆರ್ಥಿಕತೆ ಕುಸಿದು ರೈತರಿಗೆ ಗೊಬ್ಬರ ಕೊಳ್ಳುವ ಶಕ್ತಿ ಹೋಯಿತು, ಕೆಲವೇ ವರ್ಷಗಳಲ್ಲಿ ಆಮ್ಲಜನಕವಿಲ್ಲದ ವಲಯ ಕುಗ್ಗಿತು. ಯಾರೂ ಬಯಸಿ ಮಾಡಿದ ಪ್ರಯೋಗ ಅದಲ್ಲ, ಆದರೆ ಕಡಲು ಚೇತರಿಸಿಕೊಳ್ಳಬಲ್ಲದು ಎಂಬುದನ್ನು ತೋರಿಸಿತು.

ದೋಣಿಗಾರ:
ಜನರ ಬಡತನದಿಂದ ಕಡಲು ಉಳಿಯಿತು ಎಂಬುದನ್ನು ಸಂತೋಷದಿಂದ ಹೇಳುವ ಮೊದಲು ಒಂದು ಕ್ಷಣ ಯೋಚಿಸಿ.

ಅದೇ ಕಪ್ಪು ಸಮುದ್ರದ ಇನ್ನೊಂದು ಕಥೆ: 1980ರ ದಶಕದ ಆರಂಭದಲ್ಲಿ ಹಡಗುಗಳ ಬ್ಯಾಲಸ್ಟ್ ನೀರಿನಲ್ಲಿ ಅಟ್ಲಾಂಟಿಕ್‌ನ ಒಂದು ಜೆಲ್ಲಿಯಂಥ ಜೀವಿ ಬಂದು ಸೇರಿತು. ಅದು ಬೂತಾಯಿಯಂಥ ಸಣ್ಣ ಮೀನುಗಳ ಆಹಾರವನ್ನೂ ಮೊಟ್ಟೆಯನ್ನೂ ತಿಂದು, ಮೊದಲೇ ಅತಿಯಾಗಿ ಹಿಡಿದು ಸೊರಗಿದ್ದ ಆಂಚೊವಿ ಮೀನುಗಾರಿಕೆಯನ್ನು ದಶಕದ ಕೊನೆಗೆ ನೆಲಕಚ್ಚಿಸಿತು. ಖಾಲಿ ಹಡಗು ಸ್ಥಿರವಾಗಿರಲು ಒಂದು ಬಂದರಿನಲ್ಲಿ ತುಂಬಿಕೊಂಡು ಇನ್ನೊಂದರಲ್ಲಿ ಚೆಲ್ಲುವ ಈ ನೀರನ್ನು ಸಂಸ್ಕರಿಸಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದ 2004ರಲ್ಲಿ ಆಯಿತು, ಜಾರಿಗೆ ಬಂದದ್ದು 2017ರಲ್ಲಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಮಳೆಬಿಲ್ಲು:
ಒಂದು ಸರಳ ಪ್ರಶ್ನೆ ಕೇಳುತ್ತೇನೆ. ಕೆರೆಯಾಗಲಿ ಕಡಲಾಗಲಿ, ಒಂದು ಭಾಗಕ್ಕೆ ಬೇಲಿ ಹಾಕಿ ಯಾರೂ ಮುಟ್ಟದಂತೆ ಬಿಟ್ಟರೆ ಆಗುವುದಿಲ್ಲವೇ? 2030ರೊಳಗೆ ಶೇ. 30ರಷ್ಟು ನೆಲ, ಒಳನಾಡಿನ ನೀರು ಮತ್ತು ಕಡಲನ್ನು ಸಂರಕ್ಷಿಸಬೇಕೆಂದು 2022ರಲ್ಲಿ ದೇಶಗಳೆಲ್ಲ ಒಪ್ಪಿದವು ಎಂದು ಓದಿದ ನೆನಪು.

ಅಳಿವೆ:
ಸರಿಯಾದ ಜಾಗದಲ್ಲಿ, ನಿಜವಾಗಿ ಕಾಯುವವರಿದ್ದರೆ, ಬೇಲಿ ಕೆಲಸ ಮಾಡುತ್ತದೆ. ನ್ಯೂಜಿಲೆಂಡಿನ ಗೋಟ್ ಐಲೆಂಡ್ ಬಳಿ 1975ರಲ್ಲಿ ಸುಮಾರು 5 ಚದರ ಕಿಲೋಮೀಟರ್ ಕಡಲನ್ನು ಮೀನುಗಾರಿಕೆಯಿಂದ ಪೂರ್ತಿಯಾಗಿ ಹೊರಗಿಟ್ಟರು. ಆಗ ಅಲ್ಲಿನ ಬಂಡೆಗಳು ಬೋಳಾಗಿದ್ದವು, ಏಕೆಂದರೆ ಸೀ ಅರ್ಚಿನ್ ಎಂಬ ಮುಳ್ಳುಮೈಯ ಜೀವಿಗಳು ಕಡಲಕಳೆಯ ಕಾಡನ್ನು ಮೇದು ಮುಗಿಸಿದ್ದವು. ಅವುಗಳನ್ನು ತಿನ್ನುವ ಸ್ನ್ಯಾಪರ್ ಮೀನು ಮತ್ತು ಲಾಬ್‌ಸ್ಟರ್ ಮರಳಿ ದೊಡ್ಡವಾದಂತೆ ಅರ್ಚಿನ್ ಇಳಿಯಿತು, ಕಡಲಕಳೆ ಮತ್ತೆ ಬಂತು. ಯಾರೂ ಒಂದು ಗಿಡವನ್ನೂ ನೆಟ್ಟಿರಲಿಲ್ಲ.

ಲೆಕ್ಕಾಚಾರ:
ಮುಂದಿನ ಭಾಗವನ್ನೂ ಹೇಳಿ. ಗಡಿಯ ಅಂಚಿನಲ್ಲೇ ಬೋನುಗಳನ್ನು ಇಟ್ಟು ಹಿಡಿಯುವುದರಿಂದ, ಹೊರಗೆ ಓಡಾಡುವ ಲಾಬ್‌ಸ್ಟರ್‌ಗಳು ಒಳಗೂ ಮತ್ತೆ ವಿರಳವಾಗಿವೆ. ಬೇಲಿ ಚಿಕ್ಕದಾದರೆ ಒಳಗಿನ ಜೀವಿಗೆ ಅದು ಬೇಲಿ ಎಂದು ಗೊತ್ತಾಗುವುದಿಲ್ಲ. ಹರಿಯುವ ನೀರಿನಲ್ಲಂತೂ ನದಿಯ ಒಂದು ತುಂಡನ್ನು ಸಂರಕ್ಷಿತ ಎಂದು ಘೋಷಿಸಿ, ಅದರ ಮೇಲೆ ಅಣೆಕಟ್ಟು ಕಟ್ಟಿದರೆ ಘೋಷಣೆ ಕಾಗದದಲ್ಲಿ ಉಳಿಯುತ್ತದೆ.

ದೋಣಿಗಾರ:
ಬೇಲಿಯ ಮಾತು ಬಂದಾಗಲೆಲ್ಲ ಅದರ ಹೊರಗೆ ನಿಲ್ಲುವವನು ಸಣ್ಣ ದೋಣಿಯವನೇ. ನಾನು ಬೇಲಿಯ ವಿರೋಧಿಯಲ್ಲ, ಆದರೆ ಎಣಿಸುವವರು ಯಾರ ಮಾತು ಕೇಳುತ್ತಾರೆ ಎಂಬುದು ಮುಖ್ಯ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದಲ್ಲಿ ಕಾಡ್ ಮೀನು ಕಡಿಮೆಯಾಗುತ್ತಿದೆ, ಸಿಗುವುದೂ ಚಿಕ್ಕದಾಗುತ್ತಿದೆ ಎಂದು ದಡದ ಬಳಿ ಹಿಡಿಯುವವರು 1980ರ ದಶಕದಲ್ಲೇ ಹೇಳುತ್ತಿದ್ದರು. ದೊಡ್ಡ ಟ್ರಾಲ್ ಹಡಗುಗಳಿಗೆ ಮಾತ್ರ ಬಲೆ ತುಂಬ ಮೀನು ಸಿಗುತ್ತಲೇ ಇತ್ತು, ಏಕೆಂದರೆ ಉಳಿದ ಮೀನುಗಳು ಒಂದೆಡೆ ಗುಂಪುಗೂಡುತ್ತಿದ್ದವು, ಹಡಗಿನ ಯಂತ್ರಗಳು ಆ ಗುಂಪನ್ನು ಹುಡುಕುತ್ತಿದ್ದವು. ಅಧಿಕಾರಿಗಳ ಲೆಕ್ಕದಲ್ಲಿ ಆ ತುಂಬಿದ ಬಲೆಗೇ ತೂಕ ಹೆಚ್ಚು. 1992ರ ಜುಲೈನಲ್ಲಿ ಮೀನುಗಾರಿಕೆಯನ್ನೇ ಮುಚ್ಚಬೇಕಾಯಿತು, 30 ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಎರಡು ವರ್ಷಕ್ಕೆಂದು ಹಾಕಿದ ಆ ನಿಷೇಧವನ್ನು ತೆಗೆದದ್ದು 2024ರಲ್ಲಿ.

ನೇರನುಡಿ:
ದೋಣಿಗಾರರು ಹೇಳಿದ್ದನ್ನು ನಾನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಇದನ್ನು ಒಪ್ಪುತ್ತೇನೆ.

ತೂಬಿನಬಳಿ:
ಅಣೆಕಟ್ಟಿನ ಮಾತು ಬಂದದ್ದರಿಂದ ಎಲ್ವಾ ನದಿಯನ್ನು ಹೆಸರಿಸದೆ ಇರಲಾರೆ. ಅಮೆರಿಕದ ವಾಯವ್ಯದಲ್ಲಿರುವ ಆ ನದಿಯ ಎರಡು ಅಣೆಕಟ್ಟುಗಳನ್ನು 2011ರಿಂದ 2014ರವರೆಗೆ ಹಂತಹಂತವಾಗಿ ಕೆಡವಿದರು. ಅವುಗಳ ಹಿಂದೆ ಸುಮಾರು 2 ಕೋಟಿ ಘನ ಮೀಟರ್ ಹೂಳು ಶೇಖರವಾಗಿತ್ತು. ಅದರಲ್ಲಿ ಹೆಚ್ಚಿನದು ಕೆಳಗೆ ಹರಿದಾಗ ಕಡಲ ತೀರ ಹಾಳಾಗುತ್ತದೆ ಎಂದು ಹೆದರಿದವರಿದ್ದರು. ಸ್ವಲ್ಪ ಕಾಲ ಕಡಲಕಳೆ ಸೊರಗಿದ್ದೂ ನಿಜ. ಆದರೆ ಸುಮಾರು ನೂರು ವರ್ಷ ಮರಳು ಸಿಗದೆ ಸವೆಯುತ್ತಿದ್ದ ನದೀಮುಖದಲ್ಲಿ ಹೊಸ ಮರಳದಂಡೆಗಳು ಬೆಳೆದವು, ಸಾಲ್ಮನ್ ಮೇಲಿನ ಹರಿವಿಗೆ ಮರಳಿತು. ಕಡಲಿನಲ್ಲಿ ಮೈ ಬೆಳೆಸಿ ನದಿಯಲ್ಲಿ ಮೊಟ್ಟೆಯಿಟ್ಟು ಸಾಯುವ ಆ ಮೀನು, ಕಡಲಿನ ಸಾರಜನಕವನ್ನು ಕಾಡಿನ ಮರದ ಬುಡಕ್ಕೆ ಹೊತ್ತು ತರುತ್ತದೆ. ಅಳಿವೆಯವರು ಹೇಳಿದ ಸಂಬಂಧ ಒಂದೇ ದಿಕ್ಕಿನದ್ದಲ್ಲ.

ಹೂಳುಮಣ್ಣು:
ಎಲ್ಲವೂ ಸ್ವಾರಸ್ಯವಾಗಿದೆ, ಆದರೆ ಕೆರೆಕಾವಲು ಅವರ ಕೈಯಲ್ಲಿ ಕೆಡವಲು ಅಣೆಕಟ್ಟಿಲ್ಲ. ಜಾಡಿಗಳ ವಿಷಯ ಏನಾಯಿತು?

ಕೆರೆಕಾವಲು:
ಮೂರು ವಾರವಾದ ಮೇಲೆ ಬರೆಯುತ್ತಿದ್ದೇನೆ. ಗಾಳಿ ಹಾಯಿಸಿದ ಜಾಡಿಯಲ್ಲಿ ಹೂಳಿನ ಮೇಲೆ ತೆಳುವಾದ ಕಂದು ಪದರ ಕಟ್ಟಿತ್ತು, ನೀರಿಗೆ ಮಣ್ಣಿನ ವಾಸನೆಯಷ್ಟೇ ಇತ್ತು. ಬಿಗಿದ ಜಾಡಿಯ ಹೂಳು ಮೇಲಿನವರೆಗೂ ಇದ್ದಿಲಿನಂತೆ ಕಪ್ಪು. ಮುಚ್ಚಳ ತೆಗೆದಾಗ ಕೊಳೆತ ಮೊಟ್ಟೆಯ ವಾಸನೆಗೆ ಕೋಣೆಯಿಂದ ಎಲ್ಲರೂ ಎದ್ದು ಹೊರಟರು. ಕಿಟ್‌ನ ದ್ರಾವಣ ಹಾಕಿದಾಗ (ನೀಲಿ ಗಾಢವಾದಷ್ಟೂ ಫಾಸ್ಫೇಟ್ ಹೆಚ್ಚು) ಮೊದಲನೆಯದರ ನೀರು ನೀಲಿಯೋ ಅಲ್ಲವೋ ಎಂದು ಅನುಮಾನಿಸುವಷ್ಟು ತಿಳಿಯಾಗಿ ಉಳಿಯಿತು. ಎರಡನೆಯದು ಬರೆಯುವ ಶಾಯಿಯಾಯಿತು, ಕಿಟ್‌ನ ಬಣ್ಣದ ಪಟ್ಟಿಯಲ್ಲಿ ಅದಕ್ಕೆ ಸರಿಹೊಂದುವ ಚೌಕವೇ ಇರಲಿಲ್ಲ.

ಎರಡೂ ಜಾಡಿಗಳನ್ನು ಬಳಗದ ಸಭೆಗೆ ತೆಗೆದುಕೊಂಡು ಹೋಗಿದ್ದೆ. ಪುಡಿಯ ಪ್ರಸ್ತಾಪವನ್ನು ಕೈಬಿಟ್ಟಿದ್ದೇವೆ. ಕೊಳವೆಯನ್ನು ಘಟಕದವರೆಗೆ ಮುಟ್ಟಿಸುವ ಅರ್ಜಿಯಲ್ಲಿ ಈ ಬಾರಿ ಕೆಳಗಿನ ಹಳ್ಳದ ಜನರೂ ಸಹಿ ಹಾಕುತ್ತಿದ್ದಾರೆ. ನೀರು ತೀರ ಇಳಿಯುವ ತಿಂಗಳಲ್ಲಿ ಗೆಂಡೆಯನ್ನು ಬಲೆ ಹಾಕಿ ಹಿಡಿಸಲು ಯೋಚಿಸಿದ್ದೇವೆ, ಒಂದು ಮೂಲೆಯಲ್ಲಿ ಬಲೆಯ ಬೇಲಿ ಕಟ್ಟಿ ಒಳಗೆ ಸಸ್ಯ ಮೊಳೆಯುತ್ತದೆಯೇ ಎಂದು ನೋಡುತ್ತೇವೆ.

ಜೊಂಡುಹಕ್ಕಿ:
ಬಹಳ ಸಂತೋಷ. ಎರಡು ಎಚ್ಚರಿಕೆಗಳಿವೆ. ಗೆಂಡೆಯನ್ನು ಅರ್ಧಮರ್ಧ ಹಿಡಿದರೆ ಉಳಿದವುಗಳಿಗೆ ಆಹಾರ ಹೆಚ್ಚಿ ಬೇಗನೆ ಮರಿ ಹಾಕುತ್ತವೆ. ಒಂದೆರಡು ವರ್ಷದೊಳಗೆ ಮುಕ್ಕಾಲು ಪಾಲಾದರೂ ಹೊರಬರಬೇಕು ಎಂಬುದು ಈ ಕೆಲಸ ಮಾಡಿದವರ ಅನುಭವ. ಸೆಖೆಯ ನಾಡುಗಳ ಕೆರೆಗಳಲ್ಲಿ ಸಣ್ಣ ಮೀನುಗಳು ವರ್ಷವಿಡೀ ಮರಿ ಮಾಡುವುದರಿಂದ ತಂಪು ನಾಡುಗಳಷ್ಟು ಸುಲಭದ ಫಲ ಸಿಗದೆಯೂ ಇರಬಹುದು. ಇನ್ನೊಂದು, ಬೇಲಿಯ ಬಲೆಯ ಕಣ್ಣು ಎಷ್ಟು ದೊಡ್ಡದು?

ಕೆರೆಕಾವಲು:
ಎರಡು ಬೆರಳು ತೂರುವಷ್ಟು.

ದೋಣಿಗಾರ:
ಮರಿಗೆಂಡೆಗೆ ಅದು ಮಹಾದ್ವಾರ. ಒಂದು ಬೆರಳೂ ತೂರದಂಥದ್ದನ್ನು ತನ್ನಿ, ಬಲೆಯ ಕೆಳ ಅಂಚನ್ನು ಗುಂಡು ಕಟ್ಟಿ ಹೂಳಿನೊಳಗೆ ಒಂದು ಅಡಿ ಹೂತುಬಿಡಿ.